ಔಷಧದ್ರವ್ಯಗಳ ಗುಣವಿಂಗಡಣೆ: ಆಯುರ್ವೇದದಲ್ಲಿ ನಿಯಮವೂ ಅಪವಾದವೂ

ಆಯುರ್ವೇದದ ದ್ರವ್ಯಗುಣವಿಚಾರವನ್ನು ಕುರಿತು ಬರೆದ ಆಧುನಿಕರಲ್ಲಿ ಎರಡು ಬಗೆಯ ಅಭಿಪ್ರಾಯಗಳು ಮೇಲಿಂದ ಮೇಲೆ ಕಾಣಬರುತ್ತವೆ. ರಸ, ಗುಣ, ವೀರ್ಯ, ವಿಪಾಕ, ಪ್ರಭಾವ ಎಂಬ ಐದು ವಿಭಾಗಗಳು ದಾರ್ಶನಿಕರ ಕಲ್ಪನೆಯಲ್ಲಿ ಹುಟ್ಟಿ, ಅನಂತರ ಗಿಡಮೂಲಿಕೆಗಳ ಮೇಲೆ ಹೇರಲ್ಪಟ್ಟ ಚೌಕಟ್ಟು ಎಂಬುದು ಒಂದು. ಇವು ಇಂದಿನ ವಿಜ್ಞಾನದ ತತ್ತ್ವಗಳೇ ಆಗಿವೆ, ಹೆಸರು ಮಾತ್ರ ಬೇರೆ, ವಿಪಾಕವೆಂದರೆ ಜೀರ್ಣಾನಂತರದ ರಾಸಾಯನಿಕ ಪರಿವರ್ತನೆಯೇ ಎಂಬುದು ಇನ್ನೊಂದು. ಮೊದಲನೆಯವರು ಗ್ರಂಥಗಳನ್ನು ಹಳಿಯುವವರು, ಎರಡನೆಯವರು ಹೊಗಳುವವರು. ಆದರೆ ಇಬ್ಬರೂ ಈ ವಿಂಗಡಣೆ ಒಂದೇ ಸಲಕ್ಕೆ, ಪೂರ್ಣರೂಪದಲ್ಲಿ ಸಿದ್ಧವಾಗಿ ಬಂದಿತೆಂದು ಭಾವಿಸುತ್ತಾರೆ. ಮೂಲಗ್ರಂಥಗಳನ್ನು ಓದಿದವರಿಗೆ ಹಾಗೆ ತೋರಲಾರದು. ಒಂದು ನಿಯಮವನ್ನು ಹಾಕಿ, ಅದಕ್ಕೆ ಒಗ್ಗದ ದ್ರವ್ಯವೊಂದು ಎದುರಾದಾಗ ಅದನ್ನು ಬಚ್ಚಿಡದೆ ಅದಕ್ಕಾಗಿ ಹೊಸದೊಂದು ಸ್ಥಾನವನ್ನು ಕಲ್ಪಿಸುತ್ತ ಹೋದ ದೀರ್ಘಪ್ರಯತ್ನದ ಗುರುತುಗಳು ಅಲ್ಲಿ ಇನ್ನೂ ಅಳಿಸದೆ ಉಳಿದಿವೆ. ಆ ಗುರುತುಗಳನ್ನು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ. ಈ ಔಷಧಗಳು ರೋಗವನ್ನು ನಿಜವಾಗಿ ಕಳೆಯುವುವೋ ಇಲ್ಲವೋ ಎಂಬುದು ವೈದ್ಯರೂ ಪ್ರಯೋಗಶಾಲೆಗಳೂ ನಿರ್ಣಯಿಸಬೇಕಾದ ವಿಷಯ. ಇತಿಹಾಸದ ಅಧ್ಯಾಪಕನಿಗೆ ಅಲ್ಲಿ ಅಧಿಕಾರವಿಲ್ಲ.

ಕ್ರಿಸ್ತಶಕದ ಆರಂಭದ ಒಂದೆರಡು ಶತಮಾನಗಳ ಸುಮಾರಿಗೆ ಸಂಸ್ಕಾರಗೊಂಡು, ಅನಂತರ ದೃಢಬಲನಿಂದ ಪೂರ್ಣವಾದ ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ೨೬ನೆಯ ಅಧ್ಯಾಯ ಈ ವಿಷಯಕ್ಕೆ ಮುಖ್ಯ ಆಕರ. ಅದರ ಹೆಸರು ಆತ್ರೇಯಭದ್ರಕಾಪ್ಯೀಯ. ಚೈತ್ರರಥವೆಂಬ ವನದಲ್ಲಿ ಋಷಿಗಳು ಕಲೆತು, ರಸಗಳು ಎಷ್ಟು ಎಂದು ಚರ್ಚಿಸುತ್ತಾರೆ. ರಸ ಒಂದೇ, ಅದು ಜಲಕ್ಕಿಂತ ಭಿನ್ನವಲ್ಲ ಎಂದು ಭದ್ರಕಾಪ್ಯನ ಮತ. ಶಾಕುಂತೇಯನು ಎರಡು ಎನ್ನುತ್ತಾನೆ: ಛೇದಿಸುವುದು ಒಂದು, ಶಮನಗೊಳಿಸುವುದು ಇನ್ನೊಂದು. ಪೂರ್ಣಾಕ್ಷ ಮೌದ್ಗಲ್ಯನು ಇವೆರಡರೊಡನೆ ಸಾಧಾರಣವೆಂಬ ಮೂರನೆಯದನ್ನು ಸೇರಿಸುತ್ತಾನೆ. ಹಿರಣ್ಯಾಕ್ಷ ಕೌಶಿಕನಿಗೆ ರಸಗಳು ನಾಲ್ಕು: ರುಚಿಕರವೂ ಹಿತವೂ ಆದದ್ದು, ರುಚಿಕರವಾದರೂ ಅಹಿತವಾದದ್ದು, ರುಚಿಯಿಲ್ಲದಿದ್ದರೂ ಹಿತವಾದದ್ದು, ರುಚಿಯೂ ಇಲ್ಲದೆ ಹಿತವೂ ಅಲ್ಲದ್ದು. ಕುಮಾರಶಿರಾ ಭರದ್ವಾಜನು ಪಂಚಭೂತಗಳಿಗೆ ಅನುಗುಣವಾಗಿ ಐದೆಂದೂ, ರಾಜರ್ಷಿ ವಾರ್ಯೋವಿದನು ಗುರು, ಲಘು, ಶೀತ, ಉಷ್ಣ, ಸ್ನಿಗ್ಧ, ರೂಕ್ಷ ಎಂದು ಆರೆಂದೂ ಹೇಳುತ್ತಾರೆ. ವಿದೇಹದ ನಿಮಿಯದು ಏಳರ ಪಕ್ಷ: ನಾವು ಬಲ್ಲ ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರುಗಳ ಜೊತೆಗೆ ಕ್ಷಾರ. ಬಡಿಶ ಧಾಮಾರ್ಗವನು ಅದಕ್ಕೆ ಅವ್ಯಕ್ತರಸವನ್ನೂ ಕೂಡಿಸಿ ಎಂಟು ಮಾಡುತ್ತಾನೆ. ಬಾಹ್ಲೀಕದ ವೈದ್ಯ ಕಾಂಕಾಯನನು ರಸಗಳಿಗೆ ಲೆಕ್ಕವೇ ಇಲ್ಲವೆಂದು ಬಿಡುತ್ತಾನೆ.

ಇದು ನಡೆದ ಸಭೆಯ ವರದಿಯೆಂದು ನಾವು ತಿಳಿಯಬೇಕಾಗಿಲ್ಲ. ಪೂರ್ವಪಕ್ಷಗಳನ್ನು ಋಷಿಗಳ ಬಾಯಲ್ಲಿ ಇಡುವುದು ಶಾಸ್ತ್ರಗ್ರಂಥಗಳ ಪರಿಪಾಠಿ. ಆದರೆ ಇಲ್ಲಿ ಗಮನಿಸಬೇಕಾದುದು ಸಂಖ್ಯೆಯನ್ನಲ್ಲ. ಈ ಒಂಬತ್ತು ಮಂದಿ ‘ರಸ’ ಎಂಬ ಒಂದೇ ಶಬ್ದದಿಂದ ಒಂದೇ ವಸ್ತುವನ್ನು ಹೇಳುತ್ತಿಲ್ಲ. ಒಬ್ಬನಿಗೆ ಅದು ಮೂಲದ್ರವ್ಯ, ಒಬ್ಬನಿಗೆ ಶರೀರದ ಮೇಲೆ ಆಗುವ ಕ್ರಿಯೆ, ಒಬ್ಬನಿಗೆ ತಿನ್ನುವವನ ಇಷ್ಟಾನಿಷ್ಟ, ಒಬ್ಬನಿಗೆ ಭಾರ-ಹಗುರ, ಬಿಸಿ-ತಂಪು ಮೊದಲಾದ ಗುಣ. ಆತ್ರೇಯನು ಆರು ರಸಗಳೆಂದು ಸಿದ್ಧಾಂತ ಮಾಡುವಾಗ ಇವರನ್ನು ಸುಮ್ಮನೆ ತಳ್ಳಿಹಾಕುವುದಿಲ್ಲ. ಜಲವು ರಸಗಳ ಯೋನಿ, ರಸವಲ್ಲ, ಛೇದನ-ಶಮನಗಳು ಕರ್ಮಗಳು, ಸ್ವಾದು-ಅಸ್ವಾದುಗಳು ತಿನ್ನುವವನ ರುಚಿಭೇದ, ಹಿತಾಹಿತಗಳು ಪರಿಣಾಮ, ಪಂಚಭೂತಗಳು ಆಶ್ರಯ, ಗುರುಲಘ್ವಾದಿಗಳು ದ್ರವ್ಯದಲ್ಲಿರುವ ಗುಣಗಳು ಎಂದು ಒಬ್ಬೊಬ್ಬರ ಮಾತಿಗೂ ಅದರದರ ಸ್ಥಾನವನ್ನು ಗೊತ್ತುಮಾಡುತ್ತಾನೆ. ದ್ರವ್ಯ, ರಸ, ಗುಣ, ಕರ್ಮ ಎಂಬ ಪ್ರತ್ಯೇಕ ಕೋಷ್ಠಗಳು ಹುಟ್ಟುವುದು ಇಲ್ಲಿಯೇ, ಒಂದೇ ಶಬ್ದದಲ್ಲಿ ಕಲಸಿಹೋಗಿದ್ದ ಅರ್ಥಗಳನ್ನು ಬಿಡಿಸುವಾಗ. ಆರು ರಸಗಳನ್ನು ಒಂದೊಂದಾಗಿ, ಎರಡೆರಡಾಗಿ, ಮೂರುಮೂರಾಗಿ, ಹೀಗೆ ಆರರ ತನಕ ಕೂಡಿಸಿದರೆ ೬೩ ಭೇದಗಳಾಗುತ್ತವೆಂಬ ಲೆಕ್ಕವೂ ಇದೇ ಅಧ್ಯಾಯದಲ್ಲಿದೆ. ಕಾಂಕಾಯನನ ಅಸಂಖ್ಯೇಯವಾದಕ್ಕೂ ಒಂದು ಮಿತಿಯೊಳಗೆ ಜಾಗ ಸಿಕ್ಕಂತಾಯಿತು.

ನಿಮಿಯ ಕ್ಷಾರವನ್ನು ಆತ್ರೇಯನು ಒಪ್ಪುವುದಿಲ್ಲ. ಅದು ರಸವಲ್ಲ, ಹಲವು ರಸಗಳುಳ್ಳ ಒಂದು ದ್ರವ್ಯ, ಸುಡುವ ಕ್ರಿಯೆಯಿಂದ ತಯಾರಾದದ್ದು ಎಂದು ಅವನ ಸಮಾಧಾನ. ಪ್ರಾಸಂಗಿಕವಾಗಿ ಒಂದು ಮಾತು: ಕನ್ನಡದ ‘ಖಾರ’ ಶಬ್ದ ಈ ಕ್ಷಾರದ ತದ್ಭವವೆಂದು ಕಿಟ್ಟೆಲರ ನಿಘಂಟು ಹೇಳುತ್ತದೆ. ಶಾಸ್ತ್ರದಲ್ಲಿ ರಸಪದವಿಯನ್ನು ಪಡೆಯಲಾರದ ಕ್ಷಾರ, ಕನ್ನಡಿಗರ ನಾಲಗೆಯಲ್ಲಿ ಕಟುರಸದ ಪೀಠವನ್ನೇ ಏರಿ ಕುಳಿತಿದೆ. ಸಂಸ್ಕೃತದ ‘ಕಟು’ವನ್ನು ಕಹಿಯೆಂದು ತಪ್ಪು ತಿಳಿಯುವ ನಮ್ಮ ವಿದ್ಯಾರ್ಥಿಗಳಿಗೆ ಇದನ್ನು ಪ್ರತಿ ವರ್ಷವೂ ಹೇಳಬೇಕಾಗುತ್ತದೆ. ಕಹಿ ತಿಕ್ತ, ಖಾರ ಕಟು, ಒಗರು ಕಷಾಯ.

ರಸಕ್ಕೆ ಅಷ್ಟು ಪ್ರಾಧಾನ್ಯ ಏಕೆ ದೊರೆಯಿತೆಂಬುದನ್ನು ಊಹಿಸುವುದು ಕಷ್ಟವಲ್ಲ. ಅಪರಿಚಿತವಾದ ಒಂದು ಬೇರನ್ನು ಕೈಗೆತ್ತಿಕೊಂಡವನಿಗೆ ಮೊದಲು ಒದಗುವ ಸಾಕ್ಷಿ ನಾಲಗೆ. ಸಿಹಿ ಸಾಮಾನ್ಯವಾಗಿ ತಂಪು, ಗುರು, ಸ್ನಿಗ್ಧ, ಹುಳಿ ಉಷ್ಣ, ಖಾರ ಉಷ್ಣ, ಲಘು, ರೂಕ್ಷ, ಕಹಿ ಶೀತ, ಒಗರು ಶೀತ ಮತ್ತು ಕಟ್ಟುವಂಥದು. ಇವು ನಿಯಮಗಳು. ಇವನ್ನು ಹೇಳಿ ಮುಗಿಸುವಷ್ಟರಲ್ಲಿ ಚರಕಸಂಹಿತೆ ಅಪವಾದಗಳ ಪಟ್ಟಿಯನ್ನು ಕೊಡುತ್ತದೆ. ನೆಲ್ಲಿಕಾಯಿ ಹುಳಿ, ಆದರೆ ಉಷ್ಣವಲ್ಲ. ಸೈಂಧವ ಉಪ್ಪು, ಆದರೆ ಉಷ್ಣವಲ್ಲ. ಎಕ್ಕ, ಅಗರು, ಅಮೃತಬಳ್ಳಿಗಳು ಕಹಿ, ಆದರೆ ಉಷ್ಣ. ಬೇಲದ ಕಾಯಿಯೂ ನೆಲ್ಲಿಕಾಯಿಯೂ ಎರಡೂ ಹುಳಿ. ಒಂದು ಮಲವನ್ನು ಕಟ್ಟುತ್ತದೆ, ಇನ್ನೊಂದು ಒಡೆಯುತ್ತದೆ. ಒಗರು ಸಾಮಾನ್ಯವಾಗಿ ಸ್ತಂಭಕ, ಶೀತ. ಅಳಲೆಕಾಯಿಯಲ್ಲಿ ಅದು ತಿರುಗುಮುರುಗು. ಆದಕಾರಣ ರಸವೊಂದನ್ನೇ ಹೇಳಿ ಸಮಸ್ತ ದ್ರವ್ಯಗಳನ್ನೂ ನಿರ್ದೇಶಿಸಕೂಡದೆಂದು ಗ್ರಂಥವೇ ಎಚ್ಚರಿಸುತ್ತದೆ. ಕೇವಲ ತರ್ಕದಿಂದ ಹುಟ್ಟಿದ ಚೌಕಟ್ಟು ತನ್ನ ವಿರುದ್ಧವೇ ಇಷ್ಟು ಸಾಕ್ಷಿಗಳನ್ನು ಕಲೆಹಾಕುವುದು ಅಪರೂಪ. ನೆಲ್ಲಿಕಾಯಿ ತಂಪೆಂದು ಯಾವ ಸೂತ್ರದಿಂದಲೂ ಹೊರಡುವುದಿಲ್ಲ. ಹಾಗೆಂದು ಕಂಡುಕೊಂಡವರು ಯಾರೋ ಇದ್ದಿರಬೇಕು.

ವೀರ್ಯ, ವಿಪಾಕಗಳು ಬಂದುದು ಈ ಬಿರುಕನ್ನು ಮುಚ್ಚುವುದಕ್ಕೆ. ಅವುಗಳನ್ನು ಅರಿಯುವ ಬಗೆಯನ್ನು ಕುರಿತು ಚರಕಸಂಹಿತೆ ಹೇಳುವ ಮಾತು ಬಹಳ ಮುಖ್ಯವಾದದ್ದು. ರಸ ತಿಳಿಯುವುದು ದ್ರವ್ಯವು ನಾಲಗೆಗೆ ತಾಕಿದಾಗ. ವಿಪಾಕ ತಿಳಿಯುವುದು ಕೆಲಸವೆಲ್ಲ ಮುಗಿದ ಮೇಲೆ ಕಂಡ ಫಲದಿಂದ. ವೀರ್ಯ ತಿಳಿಯುವುದು ದ್ರವ್ಯ ಶರೀರಕ್ಕೆ ತಾಕಿದಾಗಲೂ ಅದು ಒಳಗೆ ಇರುವಷ್ಟು ಕಾಲವೂ. ಅಂದರೆ ಈ ಮೂರೂ ಒಂದೇ ದ್ರವ್ಯವನ್ನು ಮೂರು ಸಮಯಗಳಲ್ಲಿ ನೋಡಿದ ನೋಟಗಳು. ವಿಪಾಕವನ್ನು ಯಾರೂ ಕಂಡವರಿಲ್ಲ, ಅದು ಅನುಮಾನದಿಂದ ಸಿದ್ಧವಾದದ್ದೆಂಬುದನ್ನು ಗ್ರಂಥ ಮರೆಮಾಚಿಲ್ಲ. ಹಿಪ್ಪಲಿ, ಶುಂಠಿಗಳು ನಾಲಗೆಗೆ ಖಾರ; ಖಾರದ ಉಳಿದ ಪದಾರ್ಥಗಳು ಶುಕ್ರಕ್ಕೆ ಹಿತವಲ್ಲವೆಂದರೂ ಇವು ವೃಷ್ಯವೆಂದು ಪ್ರಸಿದ್ಧ; ಆದ್ದರಿಂದ ಜೀರ್ಣವಾದ ಮೇಲೆ ಇವು ಮಧುರವಾಗಿ ಪರಿಣಮಿಸುತ್ತಿರಬೇಕು. ತರ್ಕದ ನಡೆ ಫಲದಿಂದ ಕಾರಣಕ್ಕೆ, ಕಾರಣದಿಂದ ಫಲಕ್ಕಲ್ಲ. ಇದನ್ನು ಆಧುನಿಕ ರಸಾಯನಶಾಸ್ತ್ರದ ಪರಿವರ್ತನೆಗೆ ಸಮೀಕರಿಸುವವರು ಈ ನಡೆಯನ್ನೇ ಕಾಣದೆ ಹೋಗುತ್ತಾರೆ. ಕರಿಮೆಣಸಿನ ಖಾರವನ್ನು ಗ್ರಹಿಸುವುದು ರುಚಿಮೊಗ್ಗುಗಳಲ್ಲ, ಉರಿಯನ್ನೂ ಬಿಸಿಯನ್ನೂ ಅರಿಯುವ ನರತಂತುಗಳು ಎಂದು ಇಂದಿನ ಶರೀರಶಾಸ್ತ್ರ ತಿಳಿಸುತ್ತದೆ. ಅದನ್ನು ಕೇಳಿ ‘ಕಟು ಉಷ್ಣವೆಂದು ನಮ್ಮವರು ಆಗಲೇ ಹೇಳಿದ್ದರು’ ಎಂದು ಹಿಗ್ಗುವವರು, ಅದೇ ಸಾಕ್ಷ್ಯದಂತೆ ಕಟು ರಸವೇ ಅಲ್ಲವೆಂದಾಗುತ್ತದೆ ಎಂಬುದನ್ನೂ ಒಪ್ಪಬೇಕಾಗುತ್ತದೆ.

ಈ ಎರಡು ವಿಷಯಗಳಲ್ಲಿ ಸಂಹಿತೆಗಳಿಗೆ ಒಮ್ಮತವಿಲ್ಲ. ಚರಕಸಂಹಿತೆಗೆ ವಿಪಾಕ ಮಧುರ, ಅಮ್ಲ, ಕಟು ಎಂದು ಮೂರು. ಸುಶ್ರುತಸಂಹಿತೆಗೆ ಗುರು, ಲಘು ಎಂದು ಎರಡೇ. ವೀರ್ಯ ಶೀತ, ಉಷ್ಣ ಎಂದು ಎರಡೋ, ಅಥವಾ ಎಂಟೋ ಎಂಬ ವಾದವೂ ಇದೆ. ಎಂಟೆಂದು ಒಪ್ಪಿದವರ ಪಟ್ಟಿಗಳೂ ಒಂದೇ ತೆರನಾಗಿಲ್ಲ. ವ್ಯಾಖ್ಯಾನಕಾರರು ಇವನ್ನು ಸಮನ್ವಯಗೊಳಿಸಲು ಪಟ್ಟ ಪಾಡನ್ನು ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ.

ಇಷ್ಟಾದರೂ ಉಳಿದುಕೊಂಡ ದ್ರವ್ಯಗಳಿದ್ದವು. ಚಿತ್ರಮೂಲವೂ ದಂತಿಯೂ ರಸದಲ್ಲಿ ಕಟು, ವಿಪಾಕದಲ್ಲಿ ಕಟು, ವೀರ್ಯದಲ್ಲಿ ಉಷ್ಣ. ಈ ಮೂರು ಲೆಕ್ಕಗಳಲ್ಲಿಯೂ ಎರಡೂ ಒಂದೇ. ಆದರೆ ದಂತಿ ಭೇದಿ ಮಾಡಿಸುತ್ತದೆ, ಚಿತ್ರಮೂಲ ಮಾಡಿಸುವುದಿಲ್ಲ. ಹೀಗೆ ರಸಾದಿಗಳು ಸಮಾನವಾಗಿದ್ದೂ ಕ್ರಿಯೆಯಲ್ಲಿ ವಿಶೇಷ ಕಂಡುಬಂದರೆ ಅದಕ್ಕೆ ಪ್ರಭಾವವೆಂದು ಹೆಸರು, ಅದು ಅಚಿಂತ್ಯ. ವಿಷವು ವಿಷವನ್ನು ಕೊಲ್ಲುವುದೂ, ಮಣಿಗಳನ್ನು ಧರಿಸುವುದರಿಂದ ಆಗುವುದೆಂದು ನಂಬಿದ್ದ ಫಲಗಳೂ ಇದೇ ಕೋಷ್ಠಕ್ಕೆ ಸೇರಿದವು. ವಾಗ್ಭಟನು ಅತಿಮಧುರಕ್ಕೂ ದ್ರಾಕ್ಷಿಗೂ, ಹಾಲಿಗೂ ತುಪ್ಪಕ್ಕೂ ಇರುವ ಅಂತರಗಳನ್ನು ಇದೇ ಬಗೆಯ ಉದಾಹರಣೆಗಳಾಗಿ ಸೇರಿಸಿದನು. ಬಲ ಸಮಾನವಾಗಿರುವಾಗ ರಸವನ್ನು ವಿಪಾಕವೂ, ಅವೆರಡನ್ನು ವೀರ್ಯವೂ, ಎಲ್ಲವನ್ನೂ ಪ್ರಭಾವವೂ ಮೀರುತ್ತವೆ ಎಂಬ ಕ್ರಮ ಏರ್ಪಟ್ಟಿತು. ಎಲ್ಲಕ್ಕೂ ಮೇಲಿನ ಪೀಠದಲ್ಲಿ ಕುಳಿತದ್ದು ವಿವರಣೆಗೆ ಸಿಕ್ಕದ ಪದಾರ್ಥ.

ಇದು ನುಣುಚಿಕೊಳ್ಳುವ ಉಪಾಯವಲ್ಲವೇ ಎಂದು ಕೇಳಬಹುದು. ತಿಳಿಯದುದಕ್ಕೆಲ್ಲ ಒಂದು ಹೆಸರನ್ನಿಟ್ಟು ತೃಪ್ತಿಪಟ್ಟರೆಂಬ ಆಕ್ಷೇಪ ಪೂರ್ತಿ ನಿರಾಧಾರವೂ ಅಲ್ಲ. ಮಣಿಧಾರಣೆ ಈ ಬಾಗಿಲಿನಿಂದಲೇ ಒಳಗೆ ಬಂದಿತಲ್ಲವೇ. ಆದರೆ ಅದರ ಇನ್ನೊಂದು ಮುಖವನ್ನು ಸುಶ್ರುತಸಂಹಿತೆಯ ಸೂತ್ರಸ್ಥಾನದ ೪೦ನೆಯ ಅಧ್ಯಾಯದಲ್ಲಿ ನೋಡಬಹುದು. ದ್ರವ್ಯ, ರಸ, ವೀರ್ಯ, ವಿಪಾಕಗಳಲ್ಲಿ ಯಾವುದು ಪ್ರಧಾನವೆಂಬ ವಾದವನ್ನು ನಡೆಸಿ, ದ್ರವ್ಯವೇ ಪ್ರಧಾನವೆಂದು ತೀರ್ಮಾನಿಸಿದ ಮೇಲೆ, ಗ್ರಂಥಕಾರನು ಒಂದು ಎಚ್ಚರಿಕೆಯನ್ನು ಕೊಡುತ್ತಾನೆ. ಫಲವು ಪ್ರತ್ಯಕ್ಷವಾಗಿ ಕಂಡಿರುವ ಪ್ರಸಿದ್ಧ ಔಷಧಗಳನ್ನು ವಿದ್ವಾಂಸನಾದವನು ಹೇತುಗಳಿಂದ ಪರೀಕ್ಷಿಸಹೊರಡಬಾರದು. ಸಾವಿರ ಹೇತುಗಳನ್ನು ಒಡ್ಡಿದರೂ ಅಂಬಷ್ಠಾದಿ ಗಣ ಭೇದಿ ಮಾಡಿಸಲಾರದು. ಇದನ್ನು ಓದಿದವರು ಕೆಲವರು ಇಲ್ಲಿ ಶ್ರದ್ಧೆಯ ಪರವಾಗಿ ವಿಚಾರವನ್ನು ಮುಚ್ಚಿಸುವ ಮಾತನ್ನು ಕಂಡಿದ್ದಾರೆ. ಆಗಮವನ್ನು ಅನುಸರಿಸಬೇಕೆಂಬ ಮಾತು ಅಲ್ಲಿ ಇರುವುದೂ ನಿಜವೇ. ಆದರೂ ದೃಷ್ಟಾಂತದ ಮೊನೆ ತಿರುಗಿರುವುದು ಕುಳಿತಲ್ಲಿಯೇ ತರ್ಕಿಸುವವನ ಕಡೆಗೆ, ರೋಗಿಯ ಪಕ್ಕದಲ್ಲಿ ನಿಂತು ನೋಡುವವನ ಕಡೆಗಲ್ಲ ಎಂದು ನನಗೆ ತೋರುತ್ತದೆ.

ದರ್ಶನಗಳೊಡನೆ ಈ ವಿಚಾರಕ್ಕಿರುವ ಸಂಬಂಧವನ್ನು ಸುರೇಂದ್ರನಾಥ ದಾಸಗುಪ್ತರು ೧೯೩೨ರಲ್ಲಿ ಹೊರಬಂದ ತಮ್ಮ ಭಾರತೀಯ ದರ್ಶನೇತಿಹಾಸದ ಎರಡನೆಯ ಸಂಪುಟದಲ್ಲಿ ವಿಸ್ತಾರವಾಗಿ ಪರಿಶೀಲಿಸಿದ್ದಾರೆ. ವೈಶೇಷಿಕರ ದ್ರವ್ಯ-ಗುಣ-ಕರ್ಮಗಳ ಭಾಷೆ ಇಲ್ಲಿಯೂ ಇದೆ. ಆದರೆ ಗುರು-ಲಘು, ಶೀತ-ಉಷ್ಣ, ಸ್ನಿಗ್ಧ-ರೂಕ್ಷ, ಮಂದ-ತೀಕ್ಷ್ಣ ಮೊದಲಾದ ಹತ್ತು ಜೋಡಿಗಳಾಗಿ ನಿಲ್ಲುವ ಇಪ್ಪತ್ತು ಗುಣಗಳು ವೈಶೇಷಿಕರ ಪಟ್ಟಿಯಿಂದ ಬಂದುವಲ್ಲ. ಅವು ವೈದ್ಯನ ಕೈ, ಚರ್ಮ, ಹೊಟ್ಟೆಗಳಿಂದ ಬಂದ ಗುಣಗಳು. ಗುಣದಲ್ಲಿ ಗುಣವಿರಲಾರದೆಂಬ ದಾರ್ಶನಿಕ ನಿಯಮ ಇದ್ದದ್ದರಿಂದ ‘ಮಧುರರಸ ಗುರು’ ಎಂದು ಹೇಳುವುದೇ ತೊಡಕಾಯಿತು. ಹಾಗೆ ಹೇಳಿದಾಗ ಗುರುತ್ವ ಆ ರಸವುಳ್ಳ ದ್ರವ್ಯದ್ದೆಂದು ತಿಳಿಯಬೇಕೆಂದು ಚರಕಸಂಹಿತೆ ಸ್ಪಷ್ಟಪಡಿಸುತ್ತದೆ. ದರ್ಶನ ಇಲ್ಲಿ ಮಾತನ್ನು ತಿದ್ದಿತು, ಮೂಲಿಕೆಗಳ ಮೇಲಿನ ತೀರ್ಪನ್ನಲ್ಲ.

ಇಷ್ಟೆಲ್ಲ ವಿಂಗಡಣೆ ಯಾವ ಪ್ರಯೋಜನಕ್ಕೆ? ಗಿಡಗಳ ಹೆಸರನ್ನೂ ರೂಪವನ್ನೂ ದನಕಾಯುವವರು, ಆಡು-ಕುರಿ ಕಾಯುವವರು, ಕಾಡಿನಲ್ಲಿ ವಾಸಿಸುವವರು ಬಲ್ಲರೆಂದು ಚರಕಸಂಹಿತೆಯೇ ಒಪ್ಪುತ್ತದೆ. ವೈದ್ಯನು ಅವರಿಗಿಂತ ಹೆಚ್ಚಾಗಿ ಅರಿಯಬೇಕಾದದ್ದು ಯೋಜನೆಯನ್ನು. ಅದರ ಸೂತ್ರಸ್ಥಾನದ ೪ನೆಯ ಅಧ್ಯಾಯದಲ್ಲಿ ಕರ್ಮವನ್ನು ಅನುಸರಿಸಿ ೫೦ ವರ್ಗಗಳು, ಒಂದೊಂದರಲ್ಲಿ ಹತ್ತು ಹತ್ತು ದ್ರವ್ಯಗಳು ಇವೆ. ಅಗ್ನಿವೇಶನು ಅಲ್ಲಿಯೇ ಆಕ್ಷೇಪಿಸುತ್ತಾನೆ: ಅದೇ ದ್ರವ್ಯಗಳು ಮತ್ತೆ ಮತ್ತೆ ಬರುತ್ತವೆ, ಐದು ನೂರು ಆಗುವುದು ಹೇಗೆ? ಒಬ್ಬನೇ ಮನುಷ್ಯನು ಹಲವು ಕೆಲಸಗಳನ್ನು ಮಾಡಿ ಹಲವು ಹೆಸರುಗಳನ್ನು ಪಡೆಯುವಂತೆ ದ್ರವ್ಯವೂ ಎಂದು ಗುರುವಿನ ಉತ್ತರ. ಶಿಷ್ಯನ ಎಣಿಕೆ ಸರಿಯಾದದ್ದೇ. ಗುರು ಎಣಿಸುತ್ತಿದ್ದುದು ಗಿಡಗಳನ್ನಲ್ಲ. ಸುಶ್ರುತಸಂಹಿತೆ ೩೭ ಗಣಗಳನ್ನು ಮಾಡಿ ಸಾಮಾನ್ಯವಾಗಿ ಮೊದಲನೆಯ ದ್ರವ್ಯದಿಂದ ಗಣವನ್ನು ಹೆಸರಿಸುತ್ತದೆ. ಗಣದಲ್ಲಿ ಹೇಳಿದ್ದೊಂದು ಸಿಕ್ಕದಿದ್ದರೆ ಅಂಥದೇ ಇನ್ನೊಂದನ್ನು ಸೇರಿಸಬಹುದು, ಒಗ್ಗದ್ದನ್ನು ತೆಗೆಯಬಹುದು ಎಂದು ವಾಗ್ಭಟನ ಅನುಮತಿ. ವಿಂಗಡಣೆಯ ಹುರುಳು ಈ ಅನುಮತಿಯಲ್ಲಿದೆ. ಹಿಮಾಲಯದ ಗಿಡ ಕೊಂಕಣದಲ್ಲಿ ದೊರೆಯದು. ಗುಣಗಳ ಪಟ್ಟಿ ಕೈಯಲ್ಲಿದ್ದರೆ ಅದರ ಬದಲಿಗೆ ಏನನ್ನು ಹಾಕಬಹುದೆಂದು ಹುಡುಕಬಹುದು.

೧೬ನೆಯ ಶತಮಾನದ ಭಾವಮಿಶ್ರನಲ್ಲಿ ಇದು ತೆರೆದ ನಿಯಮವಾಗಿ ಬರುತ್ತದೆ. ಜೀವಕ, ಋಷಭಕ, ಮೇದಾ ಮೊದಲಾದ ಅಷ್ಟವರ್ಗದ ಎಂಟು ಮೂಲಿಕೆಗಳು ರಾಜರಿಗೂ ದುರ್ಲಭವಾಗಿರುವುದರಿಂದ ಅವುಗಳಿಗೆ ಸಮಾನಗುಣವುಳ್ಳ ಪ್ರತಿನಿಧಿಗಳನ್ನು ಹಿಡಿಯಬೇಕೆಂದು ಹೇಳಿ, ಮೇದಾ-ಮಹಾಮೇದಾಗಳಿಗೆ ಶತಾವರಿಯನ್ನೂ, ಜೀವಕ-ಋಷಭಕಗಳಿಗೆ ವಿದಾರಿಯನ್ನೂ, ಕಾಕೋಲೀದ್ವಯಕ್ಕೆ ಅಶ್ವಗಂಧವನ್ನೂ, ಋದ್ಧಿ-ವೃದ್ಧಿಗಳಿಗೆ ವಾರಾಹೀಕಂದವನ್ನೂ ಅವನು ವಿಧಿಸುತ್ತಾನೆ. ಗುಣ ಒಂದೇ ಆದರೆ ಒಂದರ ಸ್ಥಾನದಲ್ಲಿ ಇನ್ನೊಂದು ನಿಲ್ಲಬಹುದು, ಪ್ರಭಾವವಿರುವಲ್ಲಿ ನಿಲ್ಲಲಾರದು. ದಂತಿಯ ಬದಲು ಚಿತ್ರಮೂಲವನ್ನು ಕೊಟ್ಟ ವೈದ್ಯನ ಗತಿಯನ್ನು ಯೋಚಿಸಿದರೆ ಪ್ರಭಾವವೆಂಬ ಪದಾರ್ಥ ಏಕೆ ಬೇಕಾಯಿತೆಂಬುದು ತಿಳಿಯುತ್ತದೆ. ಅದು ಪ್ರತಿನಿಧಿಕ್ರಮಕ್ಕೆ ನೆಟ್ಟ ಎಲ್ಲೆಗಲ್ಲು.

ಕರ್ಣಾಟಕದಲ್ಲಿಯೂ ಇದರ ಒಂದು ವಿಶಿಷ್ಟ ಪ್ರಸಂಗ ದೊರೆಯುತ್ತದೆ. ರಾಷ್ಟ್ರಕೂಟರ ಕಾಲದ ಜೈನ ವೈದ್ಯ ಉಗ್ರಾದಿತ್ಯನ ಸಂಸ್ಕೃತ ‘ಕಲ್ಯಾಣಕಾರಕ’ ೧೯೪೦ರಲ್ಲಿ ಸೊಲ್ಲಾಪುರದಿಂದ ಅಚ್ಚಾಯಿತು. ಅದಕ್ಕೆ ಸೇರಿದ ಹಿತಾಹಿತಾಧ್ಯಾಯ ನೃಪತುಂಗವಲ್ಲಭನ ಸಭೆಯಲ್ಲಿ ಮಾಂಸಸೇವನೆಯನ್ನು ಖಂಡಿಸಿ ನಡೆಸಿದ ವಾದವೆಂದು ಗ್ರಂಥವೇ ಹೇಳಿಕೊಳ್ಳುತ್ತದೆ. ಚರಕಸಂಹಿತೆಯ ಅನ್ನಪಾನವಿಧಿಯಲ್ಲಿ ಮಾಂಸವರ್ಗಕ್ಕೆ ದೊಡ್ಡ ಸ್ಥಾನವಿದೆ. ಅದನ್ನು ಬಿಟ್ಟೂ ವೈದ್ಯ ಪೂರ್ಣವಾಗಬಲ್ಲದೆಂದು ಜೈನನು ಹೇಗೆ ಹೇಳಿಯಾನು? ರೋಗವನ್ನು ಕಳೆಯುವುದು ಗುಣವೇ ಹೊರತು ಇಂಥದೇ ಪದಾರ್ಥವಲ್ಲವೆಂಬ ನೆಲೆಯಲ್ಲಿ ಮಾತ್ರ ಅದು ಸಾಧ್ಯವೆಂದು ನನ್ನ ಊಹೆ. ಬೃಂಹಣಗುಣ ಬೇರೆಡೆ ದೊರೆಯುವುದಾದರೆ ಮಾಂಸ ಅನಿವಾರ್ಯವಲ್ಲ. ೧೨ನೆಯ ಶತಮಾನದ ಜಗದ್ದಳ ಸೋಮನಾಥನ ಕನ್ನಡ ‘ಕರ್ಣಾಟಕ ಕಲ್ಯಾಣಕಾರಕ’ವೂ ಇದೇ ಪರಂಪರೆಯದು. ಇದಕ್ಕೆ ವ್ಯತಿರಿಕ್ತವಾಗಿ, ೧೪ನೆಯ ಶತಮಾನದ ಮಂಗರಾಜನ ‘ಖಗೇಂದ್ರಮಣಿದರ್ಪಣ’ ವಿಷವೈದ್ಯದ ಗ್ರಂಥ. ವಿಷದ ವಿಷಯದಲ್ಲಿ ಗುಣದ ಲೆಕ್ಕಕ್ಕಿಂತ ಆಯಾ ಮದ್ದಿನ ಹೆಸರಾಂತ ಶಕ್ತಿಗೇ ಪ್ರಾಶಸ್ತ್ಯ ಹೆಚ್ಚೆಂಬುದನ್ನು ಚರಕಸಂಹಿತೆಯೇ ಪ್ರಭಾವದ ಪ್ರಕರಣದಲ್ಲಿ ಸೂಚಿಸಿದೆಯಷ್ಟೆ.

ನಿಘಂಟುಗಳ ಕಾಲಕ್ಕೆ ರಸ, ಗುಣ, ವೀರ್ಯ, ವಿಪಾಕಗಳನ್ನು ಸಾಲಾಗಿ ಹೇಳಿ ಕೊನೆಗೆ ರೋಗಗಳನ್ನು ಹೆಸರಿಸುವ ಒಕ್ಕಣೆ ರೂಢಿಯಾಗಿ ನೆಲೆಸಿತು. ೧೩೭೪ರಲ್ಲಿ ಮುಗಿದ ಮದನಪಾಲನಿಘಂಟುವಿನಲ್ಲಿ ಇದು ಕಾಣುತ್ತದೆ. ರೂಢಿ ಗಟ್ಟಿಯಾದಂತೆ ಯಾಂತ್ರಿಕತೆಯೂ ಬಂದಿತು. ಬೆಳ್ಳುಳ್ಳಿಯ ‘ರಸೋನ’ ಎಂಬ ಹೆಸರನ್ನು ಒಂದು ರಸದಿಂದ ಊನವಾದದ್ದೆಂದು ಬಿಡಿಸಿ, ಹುಳಿಯೊಂದನ್ನುಳಿದು ಐದು ರಸಗಳನ್ನೂ ಗಿಡದ ಬೇರೆ ಬೇರೆ ಭಾಗಗಳಿಗೆ ಹಂಚುವುದು ಇದರ ಮಾದರಿ: ಗೆಡ್ಡೆಯಲ್ಲಿ ಖಾರ, ಎಲೆಯಲ್ಲಿ ಕಹಿ, ದಂಟಿನಲ್ಲಿ ಒಗರು, ದಂಟಿನ ತುದಿಯಲ್ಲಿ ಉಪ್ಪು, ಬೀಜದಲ್ಲಿ ಸಿಹಿ. ಭಾವಮಿಶ್ರನು ಇದನ್ನು ಗಂಭೀರವಾಗಿಯೇ ಬರೆಯುತ್ತಾನೆ. ಬೆಳ್ಳುಳ್ಳಿಯ ದಂಟಿನ ತುದಿಯನ್ನು ಕಡಿದು ನೋಡಿದವರು ಇದನ್ನು ಒಪ್ಪುವರೆಂದು ನನಗೆ ತೋರುವುದಿಲ್ಲ. ಇಲ್ಲಿ ನಾಲಗೆಯ ಸಾಕ್ಷ್ಯ ಹಿಂದೆ ಸರಿದು ಶಬ್ದವ್ಯುತ್ಪತ್ತಿ ಮುಂದೆ ಬಂದಿದೆ.

ಆದರೆ ಅದೇ ಭಾವಮಿಶ್ರನೇ ಹೊಸ ದ್ರವ್ಯವೊಂದು ಬಂದಾಗ ಎಚ್ಚತ್ತವನಂತೆ ನಡೆದುಕೊಳ್ಳುತ್ತಾನೆ. ವಾಸ್ಕೋ ಡ ಗಾಮ ೧೪೯೮ರಲ್ಲಿ ಕಲ್ಲಿಕೋಟೆಯ ಬಳಿ ಇಳಿದ ಮೇಲಿನ ಒಂದು ಶತಮಾನದೊಳಗೆ ಫಿರಂಗರೋಗವೂ ಅದಕ್ಕೆ ಮದ್ದೆಂದು ಹೆಸರಾದ ಚೀನದ ಬೇರೂ ಭಾರತದ ವೈದ್ಯರ ಮುಂದೆ ಇದ್ದವು. ಪರಂಗಿಹಣ್ಣು, ಮೆಣಸಿನಕಾಯಿಗಳು ಅಮೆರಿಕದಿಂದ ಬಂದುದೂ ಆ ಸಂಪರ್ಕದಿಂದಲೇ. ಇವು ಯಾವುವೂ ಪ್ರಾಚೀನ ಸಂಹಿತೆಗಳಲ್ಲಿಲ್ಲ. ಆದರೂ ಪರಂಗಿಹಣ್ಣು ಉಷ್ಣವೆಂದು ಬಸುರಿಯರಿಗೆ ಕೊಡದ ಮನೆಗಳು ನಮ್ಮಲ್ಲಿ ಅನೇಕ, ಮೆಣಸಿನಕಾಯಿಯಂತೂ ಮೆಣಸಿನ ಹೆಸರನ್ನೇ ಹೊತ್ತು ಅದರ ರಸದ ಗುಂಪಿಗೆ ಸೇರಿಹೋಯಿತು. ಚೀನದ ಬೇರನ್ನು ಭಾವಮಿಶ್ರನು ದ್ವೀಪಾಂತರವಚಾ ಎಂದು ಕರೆದು ನಿಘಂಟಿನಲ್ಲಿ ಸೇರಿಸಿದನು. ಸ್ವಲ್ಪ ಕಹಿ ಎಂದು ರಸವನ್ನು ಹೇಳಿದನು. ಕಹಿಯಾದದ್ದು ಶೀತವಾಗಬೇಕಾಗಿತ್ತು, ಉಷ್ಣವೆಂದು ವೀರ್ಯವನ್ನು ಬರೆದನು. ಅದು ವಿಶೇಷವಾಗಿ ಫಿರಂಗವನ್ನು ಹೋಗಲಾಡಿಸುವುದೆಂದು ಕೊನೆಯಲ್ಲಿ ಸೇರಿಸಿದನು; ಅದನ್ನು ರಸದಿಂದಾಗಲಿ ವೀರ್ಯದಿಂದಾಗಲಿ ಸಾಧಿಸಲು ಪ್ರಯತ್ನಿಸಲಿಲ್ಲ. ಕನ್ನಡದಲ್ಲಿ ಅದರ ಹೆಸರು ಪರಂಗಿಚಕ್ಕೆ.